ಭಾವನ ಭಾವಚಿತ್ರ

ನಾನೊಬ್ಬ ಕಲಾವಿದ ಎಂಬ ವಿಷಯ ನನಗೇ ತಿಳಿದದ್ದು ನಿವೃತ್ತನಾದ ಮೇಲೆ. ಅದಕ್ಕೂ ಮೊದಲು ಸಾಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಕಪ್ಪು ಹಲಗೆಯ ಮೇಲೆ ನಾನು ದಾಸವಾಳ ಬರೆದರೆ, ಮುಂದಿನ ಬೆಂಚಿನಲ್ಲಿ ಕೂತ ಬುದ್ಧಿವಂತ ಹುಡುಗಿಯರೇ "ಸಾರ್, ಅದು ಕಪ್ಪೆಯಾ?" ಎಂದು ಕೇಳುತ್ತಿದ್ದರು. ಆದರೆ ಪ್ರತಿಭೆ ಒಳಗೆಲ್ಲೋ ಮಲಗಿತ್ತು. ಅದನ್ನು ತಟ್ಟಿ ಎಬ್ಬಿಸಿದ್ದು ಮೊಬೈಲಿನಲ್ಲಿ ಬಂದ ಒಂದು ವಿಡಿಯೊ.

ಅದರಲ್ಲಿ ಒಬ್ಬ ಹೆಂಗಸು ಅಂಗೈಯಗಲದ ರಟ್ಟಿನ ಮೇಲೆ ಬಟ್ಟೆ ಚೂರು, ಹಳೆಯ ಪೇಪರು, ಅಂಗಿಯ ಗುಂಡಿ, ತಂತಿ, ಕಾಳು ಎಲ್ಲವನ್ನೂ ಅಂಟಿಸಿ, ಮೇಲೊಂದಿಷ್ಟು ಬಣ್ಣ ಬಳಿದಳು. ನೋಡನೋಡುತ್ತಿದ್ದಂತೆ ಅದೊಂದು ಹಳ್ಳಿಯಾಯಿತು! ಅದಕ್ಕೆ ಮಿಕ್ಸೆಡ್ ಮೀಡಿಯಾ ಎನ್ನುತ್ತಾರಂತೆ. ಚಿತ್ರ ಬರೆಯಲು ಬರಬೇಕಾಗಿಲ್ಲ, ಅಂಟಿಸಲು ಬಂದರೆ ಸಾಕು. ಇಂಥದೊಂದು ಕಲೆ ನನಗಾಗಿಯೇ ಹುಟ್ಟಿದೆ ಎಂದು ಆ ಕ್ಷಣವೇ ನಿರ್ಧರಿಸಿದೆ.

"ಮಿಕ್ಸೆಡ್ ಅಂದ್ರೆ ಎಂತದು?" ಎಂದಳು ನನ್ನ ಹೆಂಡತಿ ವಸುಧಾ.

"ಮನೇಲಿ ಬಿದ್ದಿರೋ ಸಣ್ಣಪುಟ್ಟದ್ದೆಲ್ಲ ಸೇರಿಸಿ ಅಂಟ್ಸೋದು."

"ಹಾಗಾದ್ರೆ ನಿಮ್ಮ ಮೇಜಿನ ಡ್ರಾಯರ್ ಕಿತ್ತು ಗೋಡೆಗೆ ಹೊಡೀರಿ. ಎಲ್ಲಾ ಅದ್ರಲ್ಲೇ ಇದೆ."

ಇಂಥ ಮಾತುಗಳಿಗೆ ಕಲಾವಿದರು ಕುಗ್ಗಬಾರದು. ನಾನು ಕುಗ್ಗಲಿಲ್ಲ. ಮೊದಲ ಕೃತಿಯಾಗಿ ಜೋಗವನ್ನೇ ಆರಿಸಿಕೊಂಡೆ. ಕೆಂಪು ಬಣ್ಣ ಬಳಿದ ರಟ್ಟು ಬಂಡೆಯಾಯಿತು, ಅದರ ಮೇಲಿಂದ ಇಳಿಬಿಟ್ಟ ಹತ್ತಿ ಜಲಪಾತವಾಯಿತು. ಪಕ್ಕದ ಮನೆಯ ಸುಲೋಚನಮ್ಮ ಹಾಲಿನ ಪಾತ್ರೆ ವಾಪಸು ಕೊಡಲು ಬಂದವರು ಅದನ್ನು ನೋಡಿ ಗಾಬರಿಯಾದರು. "ಯಾರ್ದು ಹಲ್ಲು ಕಿತ್ರು ಮಾರಾಯ್ರೆ?"

ಎರಡನೆಯದು ತುಮರಿಯ ಹಿನ್ನೀರಿನಲ್ಲಿ ತೇಲುವ ಲಾಂಚು. ನೀರಿಗೆ ನೀಲಿ ಬಟ್ಟೆ, ಲಾಂಚಿಗೆ ಬೆಂಕಿಪೊಟ್ಟಣ. ಮರುದಿನ ಬೆಳಿಗ್ಗೆ ನೋಡುತ್ತೇನೆ, ನೀರು ಮಾತ್ರ ಇದೆ, ಲಾಂಚಿಲ್ಲ! ವಸುಧಾ ಅದನ್ನು ಕಿತ್ತು ಒಲೆಯ ಬಳಿ ಇಟ್ಟುಕೊಂಡಿದ್ದಳು. "ಒಳಗೆ ಕಡ್ಡಿ ಇತ್ತಲ್ಲ, ಸುಮ್ನೆ ಯಾಕೆ ಹಾಳು?" ಎಂದಳು.

ಹೀಗೆ ನನ್ನ ಕಲಾಜೀವನ ಭರದಿಂದ ಸಾಗುತ್ತಿದ್ದಾಗಲೇ ತೀರ್ಥಹಳ್ಳಿಯಿಂದ ಫೋನು ಬಂತು. ವಸುಧಾಳ ಅಕ್ಕನ ಗಂಡ ಮಂಜಪ್ಪ ಭಾವನಿಗೆ ಎಪ್ಪತ್ತು ತುಂಬಿದ ಸಮಾರಂಭ, ಭಾನುವಾರ, ಮನೆಯ ಅಂಗಳದಲ್ಲೇ ಚಪ್ಪರ ಹಾಕಿ ಊಟ.

ಮಂಜಪ್ಪ ಭಾವನ ಬಗ್ಗೆ ಸ್ವಲ್ಪ ಹೇಳಬೇಕು. ಹೆಡ್‌ಮಾಸ್ಟರಾಗಿದ್ದವರು. ನಕ್ಕದ್ದನ್ನು ಕಂಡವರು ಕಡಿಮೆ. ದಪ್ಪ ಮೀಸೆ, ಅದರ ಮೇಲೆ ದಪ್ಪ ಕನ್ನಡಕ, ಅದರ ಮೇಲೆ ಏನೂ ಇಲ್ಲ. ತಲೆ ಪೂರ್ತಿ ಬೋಳು. ಆ ವಿಷಯ ಮಾತ್ರ ಯಾರೂ ಅವರೆದುರು ಎತ್ತುವಂತಿಲ್ಲ. ಒಮ್ಮೆ ಸೆಲೂನಿನವನು ಅಭ್ಯಾಸಬಲದಿಂದ "ಕಟಿಂಗಾ, ಶೇವಿಂಗಾ?" ಎಂದು ಕೇಳಿದ್ದಕ್ಕೆ ಅವನ ಅಂಗಡಿಯನ್ನೇ ಬಿಟ್ಟವರು ಅವರು. ನನ್ನನ್ನಂತೂ ಎಂದೂ ಹೆಸರು ಹಿಡಿದು ಕರೆದವರಲ್ಲ. ಯಾರಿಗಾದರೂ ಪರಿಚಯ ಮಾಡಿಸುವಾಗ "ಇವ್ರು ನಮ್ಮ ವಸುನ ಮನೆಯವ್ರು" ಎಂದು ಮುಗಿಸಿ ಬಿಡುತ್ತಿದ್ದರು. ನನಗೂ ಒಂದು ಹೆಸರಿದೆ, ಪ್ರಭಾಕರ ಎಂದು, ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ!

"ಭಾವಂಗೆ ಒಂದು ಪಂಚೆ, ಶಲ್ಯ ಕೊಟ್ರೆ ಆಯ್ತು," ಎಂದಳು ವಸುಧಾ.

"ಪಂಚೆ ಯಾರು ಬೇಕಾದ್ರೂ ಕೊಡ್ತಾರೆ. ನಾನು ಅವರ ಭಾವಚಿತ್ರ ಮಾಡ್ತೀನಿ."

ವಸುಧಾ ನನ್ನನ್ನೇ ನೋಡಿದಳು. "ನೋಡಿ, ಅವ್ರು ಮೊದ್ಲೇ ಸಿಡುಕು. ಅಕ್ಕನ ಮರ್ಯಾದೆ ಪ್ರಶ್ನೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಆ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ."

"ಏನೂ ಆಗಲ್ಲ," ಎಂದೆ. ಅಷ್ಟು ಧೈರ್ಯದಿಂದ ನಾನು ಜೀವನದಲ್ಲಿ ಬೇರೆ ಯಾವ ಮಾತನ್ನೂ ಹೇಳಿರಲಿಲ್ಲ.

ಕೆಲಸ ಶುರುವಾಯಿತು. ಶಾಲೆಯ ಪುಸ್ತಕದಷ್ಟು ಅಗಲದ ಹಲಗೆಗೆ ಗೋಣಿಬಟ್ಟೆ ಹೊದಿಸಿದೆ. ತಲೆ ಉಬ್ಬಿ ಕಾಣಲಿ ಎಂದು ಹತ್ತಿ ತುಂಬಿದೆ. ಕಣ್ಣಿಗೆ ಕೋಟಿನ ಗುಂಡಿ, ಕನ್ನಡಕಕ್ಕೆ ತಂತಿ. ಮೀಸೆಗೆ ಸಾಸಿವೆ ಹೇಳಿ ಮಾಡಿಸಿದಂತಿತ್ತು. ಮುಖದ ಬಣ್ಣಕ್ಕೆ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆರೆದು ನೋಡಿದೆ. ತೊಗರಿಬೇಳೆ ತೀರಾ ಹಳದಿ, ರಾಗಿ ತೀರಾ ಕೆಂಪು. ಮೆಂತೆಕಾಳು ನೋಡಿದ ಕೂಡಲೇ "ಭಾವಾ!" ಎಂದು ಕೂಗಿಬಿಟ್ಟೆ. ಅದೇ ಬಣ್ಣ, ಅದೇ ಹೊಳಪು!

ಒಣ ಮೆಂತೆ ಅಂಟಿಸಿದರೆ ಬೋಳುತಲೆಯಿಂದ ಉರುಳಿ ಬೀಳುತ್ತಿತ್ತು. ಅದಕ್ಕೇ ಚೆನ್ನಾಗಿ ನೆನೆಸಿ, ಲೋಳೆ ಬಂದ ಮೇಲೆ ಅಂಟಿಸಿದೆ. ಕೈ ಹಾಕಿದ್ದೇ ಹಾಕಿದ್ದು ಎಂದು ಸಾಸಿವೆಯನ್ನೂ ನೆನೆಸಿದೆ. ಅಂಟು ಮುಗಿದಿತ್ತು. ಮೈದಾ ಕುದಿಸಿ, ಆರಿಸಿ, ಅದನ್ನೇ ಬಳಿದೆ. ಒಣಗುವಾಗ ಹಣೆಯ ಮೇಲೆ ಬಿರುಕು ಬಿಟ್ಟಿತು. ಬಿರುಕು ಮುಚ್ಚಲು ಒದ್ದೆ ಬಟ್ಟೆ ಹೊದಿಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಬೆಳಿಗ್ಗೆ ಸಂಜೆ ನೀರು ಹೊಡೆದೆ. ಕೊನೆಗೆ ವಾರ್ನಿಷ್ ಬಳಿಯೋಣವೆಂದರೆ, "ಆ ನಾತ ಮನೆಯೊಳಗೆ ತಂದ್ರೆ ನಿಮ್ಮನ್ನೂ ಸೇರಿಸಿ ಹೊರಗೆ ಹಾಕ್ತೀನಿ" ಎಂದಳು ವಸುಧಾ. ವಾರ್ನಿಷ್ ಕೈಬಿಟ್ಟೆ.

ಉಳಿದದ್ದು ಹೆಗಲ ಮೇಲಿನ ಶಾಲು. ಅದಕ್ಕೆ ಜರಿಯ ಅಂಚು ಬೇಕಿತ್ತು. ಬೀರುವಿನ ತಳದಲ್ಲಿ, ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟಿದ್ದ ಒಂದು ಹಸಿರು ಸೀರೆ ಸಿಕ್ಕಿತು. ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟದ್ದು ಹಳೆಯ ಸೀರೆಯೇ ಇರಬೇಕಲ್ಲವೇ? ವಿಜ್ಞಾನದ ಮೇಷ್ಟ್ರ ತರ್ಕ. ಕತ್ತರಿ ಹಾಕಿದೆ. ಶಾಲು ಅಂದರೆ ಶಾಲು! ಭಾವ ಅದನ್ನು ಹೊದ್ದು ಸಾಕ್ಷಾತ್ ಸನ್ಮಾನಕ್ಕೆ ಕೂತಂತೆ ಕಂಡರು. ಮಿಕ್ಕ ಸೀರೆಯನ್ನು ಮಂಚದ ಅಡಿಯ ನನ್ನ ಕಲಾಸಾಮಗ್ರಿಯ ಪೆಟ್ಟಿಗೆಗೆ ಸೇರಿಸಿದೆ.

ಗಾಜಿನ ಮುಚ್ಚಳದ ಚೌಕಟ್ಟಿನಲ್ಲಿ ಭಾವನನ್ನು ಭದ್ರಪಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬುಧವಾರವೇ ತೊಡೆಯ ಮೇಲಿಟ್ಟುಕೊಂಡು ತೀರ್ಥಹಳ್ಳಿ ಬಸ್ಸು ಹತ್ತಿದೆ. ಹೊಸನಗರದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಅಜ್ಜಿ ಮೂಗು ಅರಳಿಸಿ, ಕಟ್ಟನ್ನು ನೋಡಿ, ಕನಿಕರದಿಂದ ಕೇಳಿದರು, "ಮೆಂತೆಯಾ? ಶುಗರಿಗಾ?"

"ಅಲ್ಲ ಅಮ್ಮ. ಕಲೆಗೆ."

"ಹೌದಾ. ಮುಖದ ಕಲೆಗೂ ಆಗತ್ತಂತೆ," ಎಂದರು ಅಜ್ಜಿ.

ತೀರ್ಥಹಳ್ಳಿಯಲ್ಲಿ ಭಾವ ಮನೆಯಲ್ಲಿರಲಿಲ್ಲ. ಕಟ್ಟನ್ನು ವಸುಧಾಳ ಅಕ್ಕ ಲಲಿತತ್ತಿಗೆಯ ಕೈಗೊಪ್ಪಿಸಿ, ಭಾನುವಾರ ಎಲ್ಲರೆದುರು ಪರದೆ ಸರಿಸಿ ತೋರಿಸುವ ತನಕ ಬಿಚ್ಚಲೇಬಾರದು ಎಂದು ಮಾತು ತೆಗೆದುಕೊಂಡೆ. ಅತ್ತಿಗೆಗೆ ಬಹಳ ಸಂತೋಷವಾಯಿತು. "ಥಂಡಿ ತಾಗದ ಹಾಗೆ ಇಡ್ತೀನಿ. ಬಚ್ಚಲೊಲೆ ಗೋಡೆಯ ಆಚೆಗೆ ಉಗ್ರಾಣ ಇದೆಯಲ್ಲ, ಯಾವಾಗ್ಲೂ ಬೆಚ್ಚಗಿರತ್ತೆ," ಎಂದರು.

"ಅದೇ ಸರಿ," ಎಂದೆ!

ಭಾನುವಾರ ಹೊರಡುವ ಹೊತ್ತಿಗೆ ಮನೆಯಲ್ಲಿ ಗಲಾಟೆ. "ರೀ, ಪಂಚೆಯಲ್ಲಿ ಸುತ್ತಿಟ್ಟಿದ್ದ ಹಸಿರು ಸೀರೆ ನೋಡಿದ್ರಾ? ಅಕ್ಕ ಕೊಟ್ಟಿದ್ದು. ಇವತ್ತು ಉಡೋಣ ಅಂತ್ಲೇ ಜೋಪಾನ ಮಾಡಿ ಇಟ್ಟಿದ್ದೆ."

"ಹಸಿರು ಅಂದ್ರೆ... ಎಂಥ ಹಸಿರು?" ಎಂದು ಕೇಳಿ ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದೆ. ಅವಳು ಗೊಣಗುತ್ತಾ ಬೇರೊಂದು ಉಟ್ಟಳು. ಅಕ್ಕ ಕೇಳಿದರೆ ಫಾಲ್ ಹಾಕಲು ಟೈಲರಿಗೆ ಕೊಟ್ಟಿದೆ ಎನ್ನುವುದೆಂದು ದಾರಿಯಲ್ಲಿ ತೀರ್ಮಾನವಾಯಿತು. ಕೇಳಿದರು. ಹೇಳಿದಳು. ನಾನು ಚಪ್ಪರದ ತೋರಣವನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತೆ.

ಪೂಜೆ ಮುಗಿಯಿತು. ಭಾವನೂ ಅತ್ತಿಗೆಯೂ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಭಾವನ ತಾಯಿ ಗಂಗಮ್ಮಜ್ಜಿ. ಎದುರಿಗೆ ನೆಂಟರು, ಹಳೆಯ ಮೇಷ್ಟ್ರುಗಳು, ಊರ ಜನ. ಯಾರೋ ಮೈಕಿನಲ್ಲಿ "ಈಗ ನಮ್ಮ ಕಲಾವಿದರಿಂದ ಒಂದು ವಿಶೇಷ ಕಾಣಿಕೆ" ಎಂದರು. ಕಲಾವಿದರು! ಎದೆಯುಬ್ಬಿಸಿ ಹೋದೆ. ಅತ್ತಿಗೆಯ ಮಾತಿನಂತೆ ಯಾರೋ ಪ್ಲಾಸ್ಟಿಕ್ ಬಿಚ್ಚಿ, ಮೇಲೊಂದು ರೇಷ್ಮೆ ವಸ್ತ್ರ ಹೊದಿಸಿ ಮೇಜಿನ ಮೇಲಿಟ್ಟಿದ್ದರು. ಬಿಚ್ಚಿದವರು ಯಾಕೋ ನನ್ನ ಮುಖ ನೋಡದೆ ಸರಿದು ಹೋದರು. ನಾಚಿಕೆಯ ಸ್ವಭಾವ ಇರಬೇಕು ಅಂದುಕೊಂಡು ವಸ್ತ್ರ ಸರಿಸಿದೆ.

ಹಿಂದೆ ಪಾಯಸ ತಿರುವುವ ಸೌಟಿನ ಸದ್ದು ಮಾತ್ರ ಕೇಳುತ್ತಿತ್ತು.

ಭಾವನ ತಲೆಯಲ್ಲಿ ಕೂದಲು ಬಂದಿತ್ತು!

ಒಂದೆರಡಲ್ಲ. ಹಣೆಯಿಂದ ಹಿಂದಿನವರೆಗೆ ಒತ್ತೊತ್ತಾಗಿ, ಗಾಜಿಗೆ ತಾಗಿ ಬಾಗುವಷ್ಟು ಉದ್ದ. ಕತ್ತಲಲ್ಲಿ ಬೆಳೆದದ್ದರಿಂದ ಬಿಳಿಚಿದ ಹೊಂಬಣ್ಣ. ಪ್ರವಾಸಕ್ಕೆ ಬಂದ ವಿದೇಶಿಯಂತೆ ಭಾವ ನಮ್ಮನ್ನೆಲ್ಲ ಗುಂಡಿಗಣ್ಣಿನಿಂದ ನೋಡುತ್ತಿದ್ದರು. ಮೀಸೆ ಕೆನ್ನೆ ದಾಟಿ ಕಿವಿಯ ಕಡೆ ಹೊರಟಿತ್ತು. ಮೆಂತೆಯನ್ನು ಕೆನ್ನೆಗೂ ಮೂಗಿಗೂ ಅಂಟಿಸಿದ್ದೆನಲ್ಲ, ಹಾಗಾಗಿ ಮೂಗಿನ ಮೇಲೂ ಕೂದಲು!

ಮೊದಲು ಮಾತಾಡಿದ್ದು ಅತ್ತಿಗೆ. ಆದರೆ ಅವರ ಕಣ್ಣಿದ್ದದ್ದು ಕೂದಲಿನ ಮೇಲಲ್ಲ. "ವಸೂ, ಆ ಶಾಲು... ನಾನು ಕೊಟ್ಟ ಸೀರೆ ಅಂಚಲ್ವನೇ?"

ವಸುಧಾ ಶಾಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಮನೆಗೆ ಬನ್ನಿ," ಎಂದಳು. ಅಷ್ಟೇ.

ಅಷ್ಟರಲ್ಲಿ ಭಾವ ಎದ್ದರು. ಕನ್ನಡಕ ಸರಿಮಾಡಿಕೊಂಡು ಚೌಕಟ್ಟಿನ ಹತ್ತಿರ ಬಂದು ತಮ್ಮನ್ನು ತಾವೇ ಮೇಲಿಂದ ಕೆಳಗೆ ಪರಿಶೀಲಿಸಿದರು. ಅವರ ಬೋಳುತಲೆ ನಿಧಾನವಾಗಿ ಕೆಂಪಾಗುವುದು ಹಿಂದೆ ಕೂತವರಿಗೂ ಕಂಡಿತು. ಆಮೇಲೆ ನನ್ನ ಕಡೆ ತಿರುಗಿ, ಶಾಲೆಯ ಧ್ವನಿಯಲ್ಲಿ ಗುಡುಗಿದರು.

"ಪ್ರಭಾಕರ!"

ಹೆಸರು ಗೊತ್ತಿತ್ತು! ಆದರೆ ಸಂತೋಷಪಡುವ ಸಮಯ ಅದಾಗಿರಲಿಲ್ಲ.

"ಪ್ರಭಾಕರ, ಬೀಜ ಮೊಳಕೆ ಬರ್ಬೇಕಾದ್ರೆ ಎಂತೆಂತ ಬೇಕು?"

ಕೈ ತಾನಾಗಿ ಕಟ್ಟಿಕೊಂಡಿತು. "ನೀರು, ಗಾಳಿ, ಬೆಚ್ಚಗಿನ ವಾತಾವರಣ, ಸಾರ್," ಎಂದೆ. ಭಾವ ಎನ್ನುವ ಬದಲು ಸಾರ್ ಎಂದಿದ್ದೆ.

"ನೀನು ಎಂತ ಪಾಠ ಮಾಡ್ತಿದ್ದೆ?"

"ವಿಜ್ಞಾನ, ಸಾರ್."

ಯಾರೋ ಕೆಮ್ಮಿದರು. ಕೆಮ್ಮು ಸಾಲಿನಿಂದ ಸಾಲಿಗೆ ಹರಡಿತು. ನಗುವನ್ನು ತಡೆಯಲು ಹೋದ ಹಳೆಯ ಮೇಷ್ಟ್ರೊಬ್ಬರು ಕುರ್ಚಿಯಿಂದ ಎದ್ದು ಕೈತೊಳೆಯುವ ಕಡೆ ನಡೆದೇಬಿಟ್ಟರು. ಭಾವನ ಮುಖ ಇನ್ನಷ್ಟು ಕೆಂಪಾಯಿತು. ವಸುಧಾಳ ಕಣ್ಣಂಚಿನಲ್ಲಿ ನೀರು ಕಂಡಿತು. ಇನ್ನು ಈ ಮನೆಯ ಮೆಟ್ಟಿಲು ಅವಳಿಗಿಲ್ಲ, ನನ್ನಿಂದಾಗಿ ಇಲ್ಲ ಎಂದುಕೊಂಡೆ.

ಆಗ ಗಂಗಮ್ಮಜ್ಜಿ ಕೋಲು ಬಡಿದರು. "ಅಡ್ಡ ನಿಂತ್ಕೊಂಡಿದ್ಯಲ್ಲ ಮಂಜ, ಸರಿ ಆಚೆ. ನಾನೂ ನೋಡ್ತೀನಿ."

ಭಾವ ಸರಿದರು. ಅಜ್ಜಿ ಮಂಜು ಕಣ್ಣುಗಳನ್ನು ಕಿರಿದು ಮಾಡಿ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಸುಕ್ಕು ಮುಖವೆಲ್ಲ ಅರಳಿತು.

"ಅಯ್ಯೋ ನನ್ನ ಮಂಜ! ಮದುವೆ ದಿನ ಹೀಗೇ ಇದ್ದ ನೋಡಿ. ಎಷ್ಟು ಕೂದ್ಲು! ಬಾಚಣಿಗೆ ಮುರೀತಿತ್ತು! ಯಾರಪ್ಪ ಮಾಡಿದ್ದು? ಇಲ್ಲಿ ಬಾ."

ನಾನು ಹೋದೆ. ಅಜ್ಜಿ ನನ್ನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. ಭಾವ ತಾಯಿಯನ್ನು ನೋಡಿದರು, ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. ಮೀಸೆ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು. ಆಮೇಲೆ ಆ ಮನುಷ್ಯ ನಕ್ಕರು ನೋಡಿ! ಹೊಟ್ಟೆ ಹಿಡಿದು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಕುರ್ಚಿಯಲ್ಲಿ ಕುಸಿದು ನಕ್ಕರು. ತಡೆದಿಟ್ಟ ನಗುವೆಲ್ಲ ಒಮ್ಮೆಲೇ ಒಡೆದು ಚಪ್ಪರವೇ ಅಲ್ಲಾಡಿತು. ಊಟಕ್ಕೆ ಭಾವ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ವಾಪಸು ಬಸ್ಸಿನಲ್ಲಿ ವಸುಧಾ ಹೊಸನಗರದವರೆಗೆ ಕಿಟಕಿಯಾಚೆಗೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಮಿಕ್ಕ ಸೀರೆ ಎಲ್ಲಿದೆ?"

"ಮಂಚದ ಅಡಿ."

"ಮೂಗಿನ ಮೇಲೂ ಬಂದಿತ್ತಲ್ರೀ," ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ನಕ್ಕ ರೀತಿಗೆ ಕಂಡಕ್ಟರು ತಿರುಗಿ ನೋಡಿದ. ನನಗೆ ಹೋದ ಜೀವ ಬಂದಂತಾಯಿತು. ಹೊಸ ಸೀರೆ ಬಂದದ್ದು ಆ ವಾರದಲ್ಲೇ.

ಅಲ್ಲಿಂದ ಮುಂದೆ ನನ್ನ ಕೃತಿಗೆ ಭಾರಿ ಪ್ರಚಾರ. ಭಾವ ಗಾಜು ತೆಗೆದು ಅದನ್ನು ಜಗುಲಿಯ ಬಿಸಿಲಿನಲ್ಲಿಟ್ಟರಂತೆ. ದಿನಾ ನೀರು ಚಿಮುಕಿಸಿ, ಫೋಟೊ ತೆಗೆದು ಕುಟುಂಬದ ಗ್ರೂಪಿಗೆ ಹಾಕತೊಡಗಿದರು. 'ಹಸಿರು ತಿರುಗಿತು.' 'ಇವತ್ತು ಬೈತಲೆ ತೆಗೆದೆ.' ನೆಂಟರೆಲ್ಲ ಚಪ್ಪಾಳೆಯ ಚಿತ್ರ ಕಳಿಸುತ್ತಿದ್ದರು. ಜೀವಂತ ಕಲೆ ಎಂಬ ಹೊಸ ಪಂಥವನ್ನೇ ನಾನು ಸ್ಥಾಪಿಸಿರಬಹುದು ಎಂಬ ಗುಮಾನಿ ನನಗೆ ಬಂದದ್ದು ಆಗಲೇ. ವಸುಧಾಳಿಗೂ ಹೇಳಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

ಒಂದು ದಿನ ಬಂದ ಫೋಟೊದಲ್ಲಿ ತಲೆ ಬೋಳು! ಗಾಬರಿಯಿಂದ ಫೋನು ಮಾಡಿದೆ. ಅತ್ತಿಗೆ ಎತ್ತಿದರು.

"ಅತ್ತಿಗೆ, ನನ್ನ ಚಿತ್ರಕ್ಕೆ ಏನಾಯ್ತು?"

"ಒಳ್ಳೆ ಎಳೇ ಸೊಪ್ಪು ಬಂದಿತ್ತಪ್ಪ. ಬಾಡಿ ಹೋಗತ್ತಲ್ಲ ಅಂತ ಕೊಯ್ದು ತಂಬುಳಿ ಮಾಡ್ದೆ. ತಲೆಗೆ ಬಣ್ಣಗಿಣ್ಣ ಹಚ್ಚಿರ್ಲಿಲ್ಲ ತಾನೆ?"

"ಇಲ್ಲ," ಎಂದೆ ಕ್ಷೀಣವಾಗಿ.

ಹಿಂದಿನಿಂದ ಭಾವನ ಧ್ವನಿ, ಬಾಯಲ್ಲಿ ತುತ್ತಿತ್ತು ಎಂದು ಕಾಣುತ್ತದೆ. "ಅಡ್ಡಿಲ್ಲ ಮಾರಾಯ! ಸ್ವಲ್ಪ ಕಹಿ."

ನನ್ನ ಕಲೆಯ ಬಗ್ಗೆ ಇದುವರೆಗೆ ಬಂದಿರುವ ವಿಮರ್ಶೆ ಅದೊಂದೇ.