ನನ್ನ ಬೆನ್ನಿನ ಬಾಣಂತನ

ಮನುಷ್ಯನಿಗೆ ತನ್ನ ಬೆನ್ನು ತನಗೆ ಕಾಣುವುದಿಲ್ಲ. ದೇವರು ಯಾಕೆ ಹೀಗೆ ಮಾಡಿದನೋ ಗೊತ್ತಿಲ್ಲ. ಆದರೆ ಇದರಿಂದಾಗಿ ಊರಿನಲ್ಲಿ ಉಳಿದವರಿಗೆಲ್ಲ ಅದರ ಮೇಲೆ ಒಂದು ಹಕ್ಕು ಬಂದುಬಿಟ್ಟಿದೆ. ನನ್ನ ಹೊಟ್ಟೆಯ ಬಗ್ಗೆಯಾಗಲಿ, ಉದುರುತ್ತಿರುವ ಕೂದಲಿನ ಬಗ್ಗೆಯಾಗಲಿ ಮಾತೆತ್ತುವಾಗ ಜನ ಸ್ವಲ್ಪವಾದರೂ ದಾಕ್ಷಿಣ್ಯ ಇಟ್ಟುಕೊಳ್ಳುತ್ತಾರೆ. ಬೆನ್ನಿನ ವಿಷಯಕ್ಕೆ ಬಂದರೆ ಅದೂ ಇಲ್ಲ. ನೋಡುತ್ತಾರೆ, ಮುಟ್ಟುತ್ತಾರೆ, ಬೆರಳಿನಿಂದ ಒತ್ತಿ ‘ಇಲ್ಲೇನ್ರಿ?’ ಎಂದು ಕೇಳುತ್ತಾರೆ. ಕಳೆದ ಒಂದು ವರ್ಷದಿಂದ ನನಗೆ ಈ ಬಾಬತ್ತಿನಲ್ಲಿ ಬಂದಿರುವ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟನ್ನು ಬಾಗಿ ಬಳುಕಿ ಹೊರಹಾಕುವ ಅನುಕೂಲವೂ ಈಗ ನನಗಿಲ್ಲದ್ದರಿಂದ ನೆಟ್ಟಗೆ ಕೂತು ಬರೆಯುತ್ತಿದ್ದೇನೆ.

ನನ್ನ ಬೆನ್ನುಮೂಳೆ ನಾನು ಏಳನೆಯ ತರಗತಿಯಲ್ಲಿದ್ದಾಗ ಎಡಕ್ಕೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಬಲಕ್ಕೆ ತಿರುಗಿತು. ಡಾಕ್ಟರರು ಅದನ್ನು ಸ್ಕೋಲಿಯೋಸಿಸ್ ಎಂದರು, ಶಾಲೆಯ ಮಾಸ್ತರರು ಸೊಟ್ಟ ಎಂದರು. ‘ನೆಟ್ಟಗ ನಿಂದ್ರಲೇ’ ಎಂಬ ಮಾತನ್ನು ನಾನು ಕೇಳಿದಷ್ಟು ಸಲ ಇಳಕಲ್ಲಿನಲ್ಲಿ ಇನ್ನೊಬ್ಬ ಕೇಳಿರಲಾರ. ನಾನು ನಿಂತದ್ದೇ ನೆಟ್ಟಗೆ, ನನ್ನೊಳಗಿನ ಎಲುಬು ನಿಂತಿರಲಿಲ್ಲ ಅಷ್ಟೇ. ಅದಿರಲಿ, ನನಗೆ ಆಗ ಇದ್ದ ದುಃಖ ಬೇರೆ. ನಮ್ಮ ಓಣಿಯ ಹಿಂದಿನ ಹೈಸ್ಕೂಲಿನ ಮೈದಾನದಲ್ಲಿ ದಿನಾ ಸಂಜೆ ವಾಲಿಬಾಲ್ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ಆಡಲು ಹೋದವನನ್ನು ಪಾಪ ಎಂದು ಕುರ್ಚಿಯ ಮೇಲೆ ಕೂಡಿಸಿ ಕೈಗೆ ಅಂಕ ಬರೆಯುವ ವಹಿ ಕೊಟ್ಟರು. ಹಾಗೆ ಕೂತವನು ಇಪ್ಪತ್ತು ವರ್ಷ ಕೂತೆ. ಓದು ಮುಗಿಯಿತು, ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತನಾದೆ, ಮದುವೆಯಾಯಿತು, ಕುರ್ಚಿ ಮಾತ್ರ ಬದಲಾಗಲಿಲ್ಲ. ಕೂತಲ್ಲಿಂದಲೇ ಆಡುವವರ ತಪ್ಪುಗಳನ್ನೆಲ್ಲ ಎತ್ತಿ ಹೇಳುತ್ತಿದ್ದೆ. ಅವನು ಕೈ ಬೇಗ ಎತ್ತಿದ, ಇವನು ಕಾಲು ತಡವಾಗಿ ಇಟ್ಟ. ಒಳಗೊಳಗೆ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ: ಈ ಬೆನ್ನೊಂದು ಸರಿ ಇದ್ದಿದ್ದರೆ ಇವರಿಗೆಲ್ಲ ಆಟ ಎಂದರೇನು ಎಂದು ತೋರಿಸುತ್ತಿದ್ದೆ. ಒಂದೇ ಒಂದು ಸಲ ಆ ಸುಣ್ಣದ ಗೆರೆಯ ಒಳಗೆ ಆಟಗಾರನಾಗಿ ನಿಲ್ಲಬೇಕು ಎಂಬುದು ನನ್ನ ಜೀವಮಾನದ ಆಸೆಯಾಗಿತ್ತು.

ಮೂವತ್ತೆರಡರ ಹೊತ್ತಿಗೆ ಬಾಗು ಹೆಚ್ಚಾಗಿ ಕಾಲು ಜೋಮು ಹಿಡಿಯತೊಡಗಿತು. ಹುಬ್ಬಳ್ಳಿಯ ಡಾಕ್ಟರರು ಆಪರೇಶನ್ ಮಾಡಿ ಎಲುಬುಗಳನ್ನು ಒಂದಕ್ಕೊಂದು ಬೆಸೆದು, ಎರಡು ಸರಳು ಕೂಡಿಸಿ ಸ್ಕ್ರೂ ಹಾಕಿ ಬಿಗಿಯಬೇಕು ಎಂದರು. ನನಗೆ ಬಹಳ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಎಚ್ಚರವಾದಾಗ ಮೊದಲು ಮಾಡಿದ ಕೆಲಸವೆಂದರೆ ಕಾಲಿನ ಹೆಬ್ಬೆರಳು ಅಲ್ಲಾಡಿಸಿ ನೋಡಿದ್ದು. ಅದು ಅಲ್ಲಾಡಿತು, ನಾನು ಅತ್ತೆ. ಎರಡನೆಯ ದಿನವೇ ನಿಲ್ಲಿಸಿ ನಡೆಸಿದರು. ಮನೆಗೆ ಕಳಿಸುವಾಗ ಡಾಕ್ಟರರು ಒಂದು ಕಾಗದದಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ಬಾಗಬಾರದು, ಭಾರ ಎತ್ತಬಾರದು, ಸೊಂಟ ತಿರುವಬಾರದು, ಆದರೆ ದಿನಾ ನಡೆಯಲೇಬೇಕು, ನಡಿಗೆ ದಿನದಿಂದ ದಿನಕ್ಕೆ ಹೆಚ್ಚಬೇಕು, ನಡಿಗೆಯೇ ಔಷಧ. ಒಂದು ವರ್ಷದ ಮೇಲೆ ನೋಡಿ ಆಟಕ್ಕೂ ಬಿಡುತ್ತೇನೆ ಎಂದರು. ಆ ಕೊನೆಯ ಸಾಲನ್ನು ನಾನು ಹುಬ್ಬಳ್ಳಿಯಿಂದ ಇಳಕಲ್ಲಿನವರೆಗೂ ಓದಿಕೊಂಡು ಬಂದೆ.

ಆದರೆ ನಮ್ಮ ಮನೆಯಲ್ಲಿ ಔಷಧದ ಯಜಮಾನಿಕೆ ಅವ್ವನದು. ಅವಳು ತನ್ನ ಹೆಣ್ಣುಮಕ್ಕಳದು, ತಂಗಿಯರದು, ಓಣಿಯವರದು ಎಂದು ಲೆಕ್ಕವಿಲ್ಲದಷ್ಟು ಬಾಣಂತನ ಮಾಡಿದವಳು. ದವಾಖಾನೆಯಲ್ಲಿ ಕೊಯ್ಸಿಕೊಂಡು, ಹೊಲಿಗೆಯ ಟಾಕಿ ಹಾಕಿಸಿಕೊಂಡು, ಟೊಂಕ ಹಿಡಿದುಕೊಂಡು ಮನೆಗೆ ಬಂದ ಮನುಷ್ಯರನ್ನು ಏನು ಮಾಡಬೇಕು ಎಂಬುದಕ್ಕೆ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ನಾನು ಗಂಡಸು ಎಂಬುದು ಆ ದಾರಿಯಲ್ಲಿ ದೊಡ್ಡ ಅಡ್ಡಿಯೇನೂ ಆಗಲಿಲ್ಲ. ಒಳಗಿನ ಕತ್ತಲೆ ಕೋಣೆಯಲ್ಲಿ ಮಂಚ ಹಾಕಿಸಿದಳು. ಕಿಟಕಿಗೆ ಗೋಣಿಚೀಲ ಕಟ್ಟಿದಳು. ನನ್ನ ಕಿವಿಗೆ ಹತ್ತಿ ತುರುಕಿ ತಲೆಗೆ ಸ್ಕಾರ್ಫು ಬಿಗಿದಳು. ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟಳು. ಏಪ್ರಿಲ್ ತಿಂಗಳು, ಇಳಕಲ್ಲಿನ ಬಿಸಿಲು, ಬೆನ್ನಿನೊಳಗೆ ಎರಡು ಲೋಹದ ಸರಳು, ಕೆಳಗೆ ಕೆಂಡ. ನಾನು ಕಿರುಚಿದ್ದಕ್ಕೆ ಹೆಂಡತಿ ಗಿರಿಜಾ ಓಡಿಬಂದು ಶೇಗಡಿಯನ್ನು ಹೊರಗಿಟ್ಟಳು. ಅವ್ವ ಅದಕ್ಕೆ ಪರಿಹಾರವೆಂಬಂತೆ ದಿನಕ್ಕೆ ಎರಡು ಇದ್ದ, ಬಾಣಂತಿಯರಿಗೆಂದು ಕಟ್ಟುವ ಅಂಟಿನ ಉಂಡಿಯನ್ನು ನಾಲ್ಕಕ್ಕೆ ಏರಿಸಿದಳು. ಮುಂಜಾನೆ ತುಪ್ಪ ಸುರಿದ ಸಜ್ಜಕ, ಮಧ್ಯಾಹ್ನ ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಕುಡಿಯಲು ಕಾಸಿ ಆರಿಸಿದ ನೀರು. ತಣ್ಣೀರು ಕೇಳಿದರೆ ಹಲ್ಲು ಸಡಿಲಾಗುತ್ತವೆ ಎಂದಳು.

ಓಣಿಯ ಹೆಂಗಸರೂ ಇದನ್ನು ಹಾಗೆಯೇ ತಿಳಿದರು. ಮಧ್ಯಾಹ್ನ ಊಟವಾದ ಮೇಲೆ ಇಬ್ಬಿಬ್ಬರಾಗಿ ಬಂದು ಮಂಚದ ಸುತ್ತ ಕೂಡುವರು, ಎಷ್ಟು ಟಾಕಿ ಬಿದ್ದಿವೆ, ನಿದ್ದೆ ಬರುತ್ತದೆಯೋ ಇಲ್ಲವೋ, ಹೊಟ್ಟೆ ಸಾಫಾಗಿ ಹೋಗುತ್ತದೆಯೋ ಎಂದು ನನ್ನ ಎದುರಿಗೇ ಅವ್ವನನ್ನು ಕೇಳುವರು. ಎದುರು ಮನೆಯ ಗೌರಕ್ಕ ಒಂದು ಬಟ್ಟಲು ಕೊಬ್ಬರಿ, ಉತ್ತತ್ತಿ ಮತ್ತು ಒಂದು ಹೊಸ ಟವೆಲ್ ತಂದು ನನ್ನ ಉಡಿಯಲ್ಲಿಟ್ಟಳು.

“ಗಂಡಸರಿಗೆ ಕುಬಸದ ಖಣ ಕೊಡಾಕ ಬರೂದಿಲ್ಲಲ್ರಿ,” ಎಂದಳು ಅವ್ವನಿಗೆ, “ಅದಕ್ಕ ಟವೆಲ್ ತಂದೇನಿ.”

ಹುನಗುಂದದ ಸರಕಾರಿ ಕಚೇರಿಯಲ್ಲಿ ಮೂರು ಮೇಜುಗಳ ಕಡತಗಳು ನನ್ನ ಸಹಿಗಾಗಿ ಕಾಯುತ್ತಿದ್ದವು. ನಾನು ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಉಡಿ ತುಂಬಿಸಿಕೊಂಡು ಕೂತಿದ್ದೆ. ಅಂದು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಗಿರಿಜಾ ಡಾಕ್ಟರರ ಕಾಗದ ತಂದು ಅತ್ತೆಯ ಮುಂದೆ ಗಟ್ಟಿಯಾಗಿ ಓದಿದಳು, ದಿನಾ ನಡೆಯಬೇಕು ಎಂಬ ಸಾಲನ್ನು ಎರಡು ಸಲ ಓದಿದಳು. ಅವ್ವ ಬೆಳ್ಳುಳ್ಳಿ ಸುಲಿಯುತ್ತಲೇ ಕೇಳಿಸಿಕೊಂಡಳು.

“ಆ ಡಾಕ್ಟರ್ ಎಷ್ಟ ಬಾಣಂತನ ಮಾಡ್ಯಾನ ಕೇಳು,” ಎಂದಳು. “ನಾ ಮಾಡಿದ್ದರಾಗ ಒಬ್ಬಾಕಿಗೂ ಇವತ್ತಿನ ತನಕ ಟೊಂಕ ನೋವಿಲ್ಲ.”

ಗಿರಿಜಾ ಕಾಗದ ಮಡಚಿ ಒಳಗಿಟ್ಟಳು. ಕೊನೆಗೆ ತಾನೇ ಒಂದು ಉಪಾಯ ಮಾಡಿದಳು. ಅವ್ವ ಸ್ನಾನಕ್ಕೆ, ಪೂಜೆಗೆ ಹೋದಾಗ ನಾನು ಅಡಿಗೆ ಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡಿಗೆ ಮನೆಗೆ ಕಳ್ಳನಂತೆ ನಡೆಯುವುದು. ಅವ್ವ ಲಿಂಗಪೂಜೆಯನ್ನು ಬಹಳ ಶ್ರದ್ಧೆಯಿಂದ ಮಾಡುವವಳು. ಅವಳ ಭಕ್ತಿಯಿಂದ ನನ್ನ ಕಾಲಿಗೆ ಬಲ ಬಂತು ಎಂದು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ.

ಮೂರು ತಿಂಗಳಾದ ಮೇಲೆ ಅವ್ವನ ಅಪ್ಪಣೆ ಸಿಕ್ಕು ಬೀದಿಗೆ ಇಳಿದೆ. ಅಲ್ಲಿ ಇನ್ನೊಂದು ಕಾಟ ಕಾದಿತ್ತು. ನಮ್ಮ ಕಡೆ ಪರಿಚಯದ ಮನುಷ್ಯ ನಡೆದುಕೊಂಡು ಹೋಗುವುದನ್ನು ಕಂಡೂ ಗಾಡಿ ನಿಲ್ಲಿಸದೆ ಹೋದರೆ ಅದು ದೊಡ್ಡ ಅವಮಾನ. ಅಂಥದ್ದರಲ್ಲಿ ಬೆನ್ನಿಗೆ ಸರಳು ಹಾಕಿಸಿಕೊಂಡವನು ನಡೆಯುತ್ತಿದ್ದರೆ ಯಾರಿಗೆ ತಾನೆ ಮನಸ್ಸು ತಡೆದೀತು? ಗ್ರಾನೈಟ್ ಫ್ಯಾಕ್ಟರಿಗಳ ಕಡೆಯ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋಗಿ ಬರಬೇಕು ಎಂದು ಹೊರಟವನಿಗೆ ಮೊದಲ ಫರ್ಲಾಂಗಿನಲ್ಲೇ ನಾಲ್ಕು ಬೈಕು ಅಡ್ಡ ನಿಂತವು. ವಾಕಿಂಗ್ ಎಂದರೆ ಕೇಳುವುದಿಲ್ಲ. ‘ವಾಕಿಂಗ್ ಎಲ್ಲಿಗ್ರಿ? ಅಲ್ಲೀತನಕಾ ಬಿಡ್ತೇನಿ’ ಎನ್ನುತ್ತಾರೆ. ಚಹದ ಅಂಗಡಿಯವನು ಕುರ್ಚಿ ತಂದು ರಸ್ತೆಯ ಮೇಲೇ ಹಾಕಿದ. ಒಬ್ಬರಂತೂ ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ ರಟ್ಟೆ ಹಿಡಿದು ಬೈಕಿನ ಮೇಲೆ ಕೂಡಿಸಿ, ರಸ್ತೆಯಲ್ಲಿದ್ದ ಗುಂಡಿಗಳಲ್ಲಿ ಒಂದನ್ನೂ ಬಿಡದೆ ಇಳಿಸಿ ಏರಿಸಿ ಮನೆಗೆ ತಂದು ಬಿಟ್ಟರು. ಅವರ ಕಣ್ಣಲ್ಲಿ ಪುಣ್ಯ ಕಟ್ಟಿಕೊಂಡ ತೃಪ್ತಿ ಇತ್ತು. ನನ್ನ ಬೆನ್ನಿನಲ್ಲಿ ಏನಿತ್ತು ಎಂದು ಹೇಳುವುದು ಬೇಡ. ಮರುದಿನದಿಂದ ನಾನು ಜನರು ಏಳುವ ಮುಂಚೆ ನಡೆದು ಬರತೊಡಗಿದೆ, ಬೈಕಿನ ಸದ್ದು ಕೇಳಿದರೆ ಜಾಲಿ ಗಿಡದ ಮರೆಗೆ ನಿಲ್ಲುತ್ತಿದ್ದೆ.

ಸಿಟ್ಟಿನ ಪಟ್ಟಿಯಲ್ಲಿ ನಮ್ಮ ದರ್ಜಿ ಇಮಾಮಸಾಬ ಕಾಕಾನ ಹೆಸರನ್ನು ಬಿಡುವಂತಿಲ್ಲ. ಆಪರೇಶನ್ನಿನಿಂದ ನಾನು ಎರಡು ಇಂಚು ಉದ್ದವಾಗಿದ್ದೆ, ಹಳೆಯ ಅಂಗಿಗಳೆಲ್ಲ ಟೊಂಕದ ಮೇಲೆ ನಿಂತಿದ್ದವು. ಹೊಸ ಬಟ್ಟೆ ಕೊಡಲು ಹೋಗಿ, ಅಂಗಿಯ ಉದ್ದ ಅಳೆಸಿಕೊಂಡು, ಹೆಗಲಿಗೂ ಅಳತೆ ತೆಗೆದುಕೊಳ್ಳಿ ಎಂದೆ. ಅದು ತನಗೆ ಬಾಯಿಪಾಠ ಎಂದು ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈ ಪುಣ್ಯಾತ್ಮ ಇಷ್ಟು ವರ್ಷ ನನಗೆ ಗೊತ್ತಾಗದಂತೆ ನನ್ನ ಅಂಗಿಗಳ ಬಲ ಹೆಗಲನ್ನು ಒಂದೂವರೆ ಇಂಚು ಇಳಿಸಿ ಹೊಲಿಯುತ್ತಿದ್ದ, ಸೊಟ್ಟ ಮೈ ಮೇಲೆ ಅಂಗಿಯಾದರೂ ಸಮ ಕಾಣಲಿ ಎಂದು. ಈಗ ನೆಟ್ಟಗಾದ ಮೈ ಮೇಲೆ ಅದೇ ಇಳಿದ ಹೆಗಲಿನ ಹೊಸ ಅಂಗಿ ಹಾಕಿಕೊಂಡು ಕಚೇರಿಗೆ ಹೋದರೆ, ಇಡೀ ಕಚೇರಿ ಮರುಕದಿಂದ ನೋಡಿತು. ಇಷ್ಟು ದೊಡ್ಡ ಆಪರೇಶನ್ ಮಾಡಿಸಿಕೊಂಡೂ ಪಾಪ, ಹಾಗೇ ಉಳಿಯಿತಲ್ಲ ಎಂದು ಶಿರಸ್ತೇದಾರರು ಜವಾನನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕಾಕಾನ ಜೊತೆ ಜಗಳಕ್ಕೆ ಹೋದವನು ಅವನ ಮುಖ ನೋಡಿ ಸುಮ್ಮನಾದೆ. ಇಪ್ಪತ್ತು ವರ್ಷ ಒಬ್ಬ ಮನುಷ್ಯ ನನ್ನ ಮಾನ ಮುಚ್ಚಿದ್ದಾನೆ, ಅವನನ್ನು ಬೈಯುವುದು ಹೇಗೆ? ಅದಕ್ಕೂ ಸಿಟ್ಟು ಬಂತು.

ಆರು ತಿಂಗಳಿಗೆ ಡಾಕ್ಟರರು ಮೆಟ್ಟಿಲು ಹತ್ತಬಹುದು ಎಂದರು. ಗಿರಿಜಾ ಒಂದು ಭಾನುವಾರ ನನ್ನನ್ನು ಬಾದಾಮಿಗೆ ಕರೆದುಕೊಂಡು ಹೋದಳು. ಗುಹೆಗಳ ಮೆಟ್ಟಿಲುಗಳನ್ನು ಒಂದೊಂದಾಗಿ, ಗೋಡೆ ಹಿಡಿಯದೆ ಹತ್ತಿದೆ. ಮೊದಲೆಲ್ಲ ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು. ಅಂದು ಕೊನೆಯ ಗುಹೆಯ ಮುಂದೆ ನಿಂತು ಕೆಳಗಿನ ಕೆರೆ ನೋಡಿದಾಗ ಎದೆ ತುಂಬ ಗಾಳಿ ತೆಗೆದುಕೊಂಡೆ, ಹೆಂಡತಿಯ ಕೈ ಹಿಡಿದುಕೊಂಡೆ. ಬಹಳ ಸಂತೋಷವಾಯಿತು. ಅಷ್ಟರಲ್ಲಿ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ನಮ್ಮ ಓಣಿಯ ಯಾರೋ ಒಬ್ಬರು ನಮ್ಮನ್ನು ಮೆಟ್ಟಿಲ ಮೇಲೆ ನೋಡಿ ಊರಿಗೆ ಸುದ್ದಿ ಮುಟ್ಟಿಸಿದ್ದರು.

“ಹತ್ತಿದ್ದು ಸಾಕು,” ಎಂದಳು ಅವ್ವ. “ಕೂತಕೊಂತ ಇಳಿ.”

ವರ್ಷ ತುಂಬಿತು. ಡಾಕ್ಟರರು ಎಕ್ಸ್‌ರೇ ತೆಗೆಸಿ ನೋಡಿ ಎಲುಬು ಚೆನ್ನಾಗಿ ಕೂಡಿದೆ ಎಂದರು. ನೆಲಕ್ಕೆ ಬಿದ್ದು ಚೆಂಡು ಎತ್ತುವ ಹುಚ್ಚಾಟ ಮಾಡದೆ ವಾಲಿಬಾಲ್ ಆಡಬಹುದು ಎಂದರು. ಆಡಬಹುದು ಎಂಬುದನ್ನು ಕಾಗದದ ಮೇಲೆ ಬರೆಸಿಕೊಂಡು, ಕೆಳಗೆ ದವಾಖಾನೆಯ ಶಿಕ್ಕಾ ಹೊಡೆಸಿಕೊಂಡೇ ಬಂದೆ. ಹೊಸ ಬೂಟು ಕೊಂಡೆ. ಬಗ್ಗಲು ಬಾರದ್ದರಿಂದ ಲೇಸು ಗಿರಿಜಾ ಕಟ್ಟಿದಳು. ಸಂಜೆ ಮೈದಾನಕ್ಕೆ ಹೋದರೆ ಎಲ್ಲರೂ ಆಟ ನಿಲ್ಲಿಸಿ ಬಂದು ಮುತ್ತಿದರು. ತಂಡದ ಮುಖಂಡ ಹನಮಂತ ಮಾಸ್ತರರು, ಹೈಸ್ಕೂಲಿನ ಪಿ.ಟಿ. ಮಾಸ್ತರರು, ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಅಷ್ಟೇ ಪ್ರೀತಿಯಿಂದ, ಒರೆಸಿ ಇಟ್ಟಿದ್ದ ಕುರ್ಚಿ ತರಿಸಿ ನೆರಳಿಗೆ ಹಾಕಿದರು. ಯಾರೋ ದಿಂಬನ್ನೂ ತಂದಿದ್ದರು.

ಒಂದು ವರ್ಷದ ಸಿಟ್ಟು, ಅದರ ಹಿಂದಿನ ಇಪ್ಪತ್ತು ವರ್ಷದ ಸಿಟ್ಟು ಎಲ್ಲ ಒಟ್ಟಿಗೆ ಬಂತು. ನಾನು ಜೋರು ಮಾತಿನವನಲ್ಲ, ಆದರೆ ಅಂದು ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

“ಇಪ್ಪತ್ತ ವರ್ಷ ನಿಮ್ಮ ಅಂಕ ಬರದೇನಿ, ಮಾಸ್ತರ,” ಎಂದೆ. “ಕುರ್ಚಿ ತಗೀರಿ. ಇವತ್ತ ನಾ ಆಡಾಂವ.”

ಕುರ್ಚಿ ತೆಗೆದರು. ಹಿಂದಿನ ಸಾಲಿನಲ್ಲಿ ನನಗೆ ಜಾಗ ಬಿಟ್ಟರು. ಸುಣ್ಣದ ಗೆರೆ ದಾಟಿ ಒಳಗೆ ಕಾಲಿಟ್ಟೆ. ಬೆನ್ನು ಕಂಬದಂತೆ ನೆಟ್ಟಗೆ ನಿಂತಿತ್ತು. ಆಚೆಯ ತಂಡದವರು ಮರ್ಯಾದೆಯಿಂದ, ಕೂಸಿಗೆ ಕೊಟ್ಟಂತೆ, ಚೆಂಡನ್ನು ಮೆಲ್ಲಗೆ ನನ್ನ ಕಡೆಗೇ ಕಳಿಸಿದರು. ಅದು ನನ್ನ ಎರಡೂ ಕೈಗಳ ನಡುವೆ ಹಾದು ನೆಲಕ್ಕೆ ಬಿತ್ತು. ಎರಡನೆಯದು ಕಿವಿಗೆ ಬಡಿಯಿತು. ಮೂರನೆಯದಕ್ಕೆ ಕೈ ತಾಗಿತು, ಚೆಂಡು ಹಿಂದಕ್ಕೆ ಹಾರಿ ಕಂಪೌಂಡು ದಾಟಿತು. ಸರ್ವಿಸ್ ಮಾಡಲು ಕೊಟ್ಟರು, ಅದು ನೆಟ್ಟಿನ ಕೆಳಗೆ ಉರುಳಿ ಹೋಯಿತು. ಅವ್ವನನ್ನು, ಗೌರಕ್ಕನನ್ನು, ಬೈಕಿನವರನ್ನು ಮನಸ್ಸಿನಲ್ಲೇ ಹುಡುಕಿದೆ, ಬೈಯಲು ಯಾರೂ ಸಿಗಲಿಲ್ಲ. ಬೆನ್ನು ಎಳ್ಳಷ್ಟೂ ನೋಯುತ್ತಿರಲಿಲ್ಲ. ಅದು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿತ್ತು. ಆಟ ಬಾರದೆ ಇದ್ದದ್ದು ನನಗೆ. ಕುರ್ಚಿಯಲ್ಲಿ ಕೂತು ಬೇರೆಯವರಿಗೆ ಹೇಳುತ್ತಿದ್ದ ತಪ್ಪುಗಳನ್ನೆಲ್ಲ ಹತ್ತು ನಿಮಿಷದಲ್ಲಿ ಒಂದೂ ಬಿಡದೆ ಮಾಡಿ ಮುಗಿಸಿದ್ದೆ. ಒಬ್ಬನಾದರೂ ನಕ್ಕಿದ್ದರೆ ಜಗಳವಾಡಬಹುದಿತ್ತು. ಯಾರೂ ನಗಲಿಲ್ಲ.

ಹನಮಂತ ಮಾಸ್ತರರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

“ಬೆನ್ನ ನೋಯಾಕತ್ತೈತೇನ್ರಿ, ಶಂಕ್ರಣ್ಣ?” ಎಂದು ಮೆಲ್ಲಗೆ ಕೇಳಿದರು.

ನಾನು ಎಲ್ಲರ ಮುಖ ಒಮ್ಮೆ ನೋಡಿದೆ. ಬಲಗೈಯನ್ನು ನಿಧಾನವಾಗಿ ಟೊಂಕದ ಮೇಲೆ ಇಟ್ಟುಕೊಂಡು ಮುಖ ಸ್ವಲ್ಪ ಕಿವುಚಿದೆ.

“ಹೌದ್ರಿ ಮಾಸ್ತರ,” ಎಂದೆ. “ಭಾಳ ನೋಯಾಕತ್ತೈತಿ.”