ರೇಣುಕಾಳ ಮಾರ್ಕ್ಸಿಗೆ ಕೀಲಿ

ಹಾಲಿನ ಪಾಕೀಟು ಎತ್ತಿಕೊಳ್ಳಲು ಬಗ್ಗಿದ ವೀರಭದ್ರಪ್ಪನ ತಲೆಯ ಮೇಲೆ ಬಾಲ್ಕನಿಯಿಂದ ಮಗಳ ಮಾರ್ಕ್ಸು ಬಿತ್ತು.

"ಏನ್ರಿ, ರೇಣುಕಾಗ ವಿಜ್ಞಾನದಾಗ ಮೂವತ್ತೊಂದಂತಲ್ಲ? 'ಕಂಪ್ಯೂಟರ್ ಪಾಠದಾಗ ಕಣ್ಣು ತೆರಕೊಂಡೇ ನಿದ್ದಿ ಮಾಡ್ತಾಳ' ಅಂತ ಟೀಚರು ಬರದಾರ. ಹ್ಯಾಂಗ್ ಮಾಡ್ತಾಳ್ರಿ ಅದನ್ನ?"

ಮೇಲಿನ ಮನೆಯ ಜನಾರ್ದನರಾಯರು ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ತಮ್ಮ ಪೂರಾ ಹೊತ್ತನ್ನು ನೆರೆಹೊರೆಗೇ ಮೀಸಲಿಟ್ಟವರು. ವೀರಭದ್ರಪ್ಪನ ಮನೆಗೆ ಫೋನು ಬಂದದ್ದು ಹೋದ ದೀಪಾವಳಿಗೆ. ಅಲ್ಲಿಯವರೆಗೆ ಅವನ ಕರೆಗಳೆಲ್ಲ ಮೇಲಕ್ಕೇ ಬರುತ್ತಿದ್ದವು. ಅವನು ಮಾತಾಡಿ ಮುಗಿಸುವ ತನಕ ರಾಯರು ಪಕ್ಕದಲ್ಲಿ ನಿಂತು ಒಪ್ಪಿಗೆಯ ತಲೆ ಅಲ್ಲಾಡಿಸುತ್ತಿದ್ದರು.

ಆಗ ಅವರಿದ್ದ ಹಿಮಾಯತ್‌ನಗರದಲ್ಲಿ ಪಾನ್ ಅಂಗಡಿಗಳಿಗಿಂತ ಇಂಟರ್ನೆಟ್ ಸೆಂಟರುಗಳೇ ಹೆಚ್ಚು. ಹಿಂದೆ ಬೀಳಬಾರದೆಂದು ರೇಣುಕಾಳ ಶಾಲೆಯೂ ಪಾಠ, ಪರೀಕ್ಷೆ, ಮಾರ್ಕ್ಸು ಎಲ್ಲವನ್ನೂ ವೆಬ್‌ಸೈಟಿಗೆ ಏರಿಸಿತ್ತು. ರೋಲ್ ನಂಬರು ಒತ್ತಿದರೆ ಹುಡುಗಿಯ ಜಾತಕವೇ ಹೊರಬೀಳುತ್ತಿತ್ತು. ಆ ನಂಬರೋ, ಗುರುತಿನ ಚೀಟಿಯಲ್ಲಿ ಅವಳ ಕೊರಳಲ್ಲೇ ಜೋತಾಡುತ್ತಿತ್ತು.

"ನಾ ಸಾಲಿಗೆ ಹೋಗಂಗಿಲ್ಲ. ಮೆಟ್ಟಲಾ ಸೈತ ಇಳಿಯಂಗಿಲ್ಲ," ಎಂದಿತು ಮನೆಯೊಳಗೆ ಚಾದರದಡಿಯಿಂದ ರೇಣುಕಾಳ ದನಿ.

ಹೆಂಡತಿ ಸುಗಲಮ್ಮ ಸೌಟು ಹಿಡಿದೇ ಬಂದಳು. "ಇವತ್ತ ಹೋಗಿ ಆ ಮಾರ್ಕ್ಸಿಗೆ ಕೀಲಿ ಹಾಕಿಸಿ ಬರ್ರಿ. ಇಲ್ಲಂದ್ರ ನಾ ಹೋಗ್ತೀನಿ."

ಅವಳು ಹೋದರೆ ಶಾಲೆಯೇ ಉಳಿಯುವುದಿಲ್ಲವೆಂದು ವೀರಭದ್ರಪ್ಪನಿಗೆ ಗೊತ್ತಿತ್ತು. ಹೆಸರಿನ ಉಗ್ರತೆಯೆಲ್ಲ ಹೆಸರಿನಲ್ಲೇ ಖರ್ಚಾಗಿ, ಬಸ್ಸಿನಲ್ಲಿ ಕಾಲು ತುಳಿದವನಿಗೆ ತಾನೇ ಸಾರಿ ಹೇಳುವ ಮನುಷ್ಯ ಅವನು. ಆಫೀಸಿಗೆ ಹೋಗಿ ಯೋಚಿಸೋಣವೆಂದು ಹೊರಟ.

ಮೂಲೆಯ ಕಿರಾಣಿ ಅಂಗಡಿಯವನು ಕರುಣೆಯಿಂದ ನೋಡಿದ. "ಬೇಟೀ ಕೋ ಬಾದಾಮ್ ಖಿಲಾವೋ ಸಾಬ್. ಸೈನ್ಸ್ ಕೇ ಲಿಯೇ ಅಚ್ಛಾ ಹೈ."

ನಾಂಪಲ್ಲಿಯ ಆಫೀಸಿನಲ್ಲಿ ಹೊಸ ಕಂಪ್ಯೂಟರಿನ ಸುತ್ತ ಇರುವೆ ಮುತ್ತಿದಂತೆ ಜನ. ನಡುವೆ ಸಹೋದ್ಯೋಗಿ ಕೇದಾರ. "ಬರ್ರಿ ಬರ್ರಿ, ನಿಮ್ಮ ಮಗಳದೇ ನೋಡಾಕತ್ತೀವಿ. ಜನಾರ್ದನರಾಯರು ಫೋನ್ ಮಾಡಿದ್ರು. ಸಾಹೇಬ್ರು ಸೈತ ನೋಡಿ, ಇಂಗ್ಲಿಷಿನಾಗ ಪರವಾಗಿಲ್ಲ ಅಂದ್ರು."

ವೀರಭದ್ರಪ್ಪನೊಳಗೆ ಇಷ್ಟು ವರ್ಷ ಮಲಗಿದ್ದ ಅವನ ಹೆಸರು ಎದ್ದು ಕೂತಿತು. ಅರ್ಧ ದಿನದ ರಜೆ ಬರೆದುಕೊಟ್ಟು ನೆಟ್ಟಗೆ ಶಾಲೆಗೆ ನಡೆದ.

ಹೆಡ್‌ಮೇಡಂ ಶಿವದೇವಿ ರಾಯಚೂರಿನವರಾದ್ದರಿಂದ ಜಗಳಕ್ಕೆ ತೆಲುಗು ಬೆರೆತ ಕನ್ನಡವೇ ಸಿಕ್ಕಿತು. ಕೋಣೆಯ ತುಂಬ ಬೇರೆ ಪಾಲಕರೂ ಇದ್ದರು.

"ಇದಕ್ಕ ಪಾರದರ್ಶಕತೆ ಅಂತಾರಂಡಿ," ಎಂದರು ಮೇಡಂ, ಅವನ ದೂರು ಕೇಳಿ.

"ಬಚ್ಚಲಮನಿ ಕಿಟಕಿಗೂ ಅಂಥಾದ್ದೇ ಗಾಜು ಹಾಕ್ಸೀರೇನ್ರಿ?"

ತನ್ನ ಬಾಯಿಂದ ಬಂದದ್ದು ಕೇಳಿ ವೀರಭದ್ರಪ್ಪ ತಾನೇ ಬೆಚ್ಚಿದ. ಆದರೆ ಹಿಂದೆ ಯಾರೋ ಭೇಷ್ ಎಂದರು. ಅವನು ಮೇಜಿನ ಮೇಲಿದ್ದ ಕಂಪ್ಯೂಟರಿನ ಮುಂದೆ ಕೂತೇಬಿಟ್ಟ.

"ನಿಮ್ಮ ಮೊಮ್ಮಗ ಇಲ್ಲೇ ಏಳನೇ ಕ್ಲಾಸಿನಾಗ ಅದಾನಲ್ರಿ? ಹೊರಗ ಆಡಾಕತ್ತಿದ್ದ, ಕೊರಳಾಗಿನ ನಂಬರ್ ನೋಡ್ಕೊಂಡ್ ಬಂದೀನಿ. ಎಲ್ಲಾರೂ ಮುಂದ ಬರ್ರಿ, ಪಾರದರ್ಶಕ ನೋಡೂಣು."

ಎರಡಂಕಿ ಒತ್ತುವಷ್ಟರಲ್ಲಿ ಮೇಡಂ ಎದ್ದು ಬಂದು, ಮಗುವಿಗೆ ದೃಷ್ಟಿಯಾಗದಂತೆ ಮುಚ್ಚುವ ಹಾಗೆ, ಸೆರಗಿನಿಂದ ಕಂಪ್ಯೂಟರನ್ನು ಮುಚ್ಚಿದರು. "ವದ್ದಂಡಿ, ಬ್ಯಾಡ್ರಿ. ಇವತ್ತ ಸಂಜಿಗೇ ಎಲ್ಲಾ ಮಕ್ಕಳಿಗೂ ಬ್ಯಾರೆ ಬ್ಯಾರೆ ಪಾಸ್‌ವರ್ಡ್ ಕೊಡ್ತೀವಿ."

ಗೆದ್ದವನಿಗೆ ಅಷ್ಟಕ್ಕೇ ನಿಲ್ಲಲಾಗಲಿಲ್ಲ. "ಬಂದ್ ಬಂದವರ ಕೈಯಾಗ ಕೊಡಬ್ಯಾಡ್ರಿ. ನಾ ಅಪ್ಪ ಅಂತ ಯಾರರೆ ಬರ್ತಾರ. ನಿಮ್ಮ ದಾಖಲಿನಾಗ ಯಾವ ಫೋನ್ ನಂಬರ್ ಐತಿ, ಅದಕ್ಕಷ್ಟ ಹೇಳ್ರಿ. ಆ ನಂಬರೂ ಬದಲಿ ಮಾಡಬ್ಯಾಡ್ರಿ. ನಾನೇ ಬಂದು ಕಾಲು ಹಿಡದ್ರೂ ಕರಗಬ್ಯಾಡ್ರಿ."

ಅಲ್ಲೇ ಆಜ್ಞೆಯಾಯಿತು. ಪಾಲಕರು ಅವನ ಕೈ ಕುಲುಕಿದ್ದೇ ಕುಲುಕಿದ್ದು. ವೀರಭದ್ರಪ್ಪ ಜಿಲೇಬಿಯ ಪೊಟ್ಟಣ ಹಿಡಿದು, ಮೆರವಣಿಗೆಯಿಂದ ಇಳಿದ ಮದುಮಗನಂತೆ ಮನೆ ಹೊಕ್ಕ. ರೇಣುಕಾ ಚಾದರದಿಂದ ಹೊರಬಂದಳು. ಸುಗಲಮ್ಮ, ಮದುವೆಯಾದಂದಿನಿಂದ ಮೊದಲ ಸಲವೋ ಏನೋ, ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂವರೂ ಫೋನಿನ ಸುತ್ತ ಕೂತರು.

ಫೋನು ರಿಂಗಾಯಿತು. ಇವರದಲ್ಲ, ಮೇಲಿನ ಮನೆಯದು.

ಸ್ವಲ್ಪ ಹೊತ್ತಿಗೆ ಬಾಲ್ಕನಿಯಿಂದ ಕರೆ ಬಂತು. "ವೀರಭದ್ರಪ್ಪ, ಸಾಲಿಯಿಂದ ಫೋನ್ ಬಂದಿತ್ತು. ರೇಣುಕಾನ ಸಾಲಿಗೆ ಹಚ್ಚುವಾಗ ನಮ್ಮ ನಂಬರೇ ಕೊಟ್ಟಿದ್ರಲ್ಲ, ಅದೇ ಐತಿ ಅಲ್ಲಿ. ಪಾಸ್‌ವರ್ಡ್ ಹೇಳಿದ್ರು."

ವೀರಭದ್ರಪ್ಪನ ಬಾಯಲ್ಲಿದ್ದ ಜಿಲೇಬಿ ಹಾಗೆಯೇ ಉಳಿಯಿತು. ಹೊರಗೋಡಿ ಕತ್ತೆತ್ತಿದ. "ಏನಂತ್ರಿ ಅದು?"

ರಾಯರು ಜೀವನದಲ್ಲಿ ಮೊದಲ ಬಾರಿಗೆ ದನಿ ತಗ್ಗಿಸಿದರು. "ಅದನ್ನಷ್ಟ ಕೇಳಬ್ಯಾಡ್ರಿ. ಖುದ್ದ ಅಪ್ಪ ಬಂದು ಕಾಲು ಹಿಡದ್ರೂ ಹೇಳಬ್ಯಾಡ್ರಿ ಅಂದಾರ. ಯಾರೋ ಭಾಳ ಶಾಣ್ಯಾ ಪಾಲಕರು ಮಾಡ್ಸಿದ ಕಾಯ್ದೆ ಅಂತ. ನಾ ಮಾತು ಕೊಟ್ಟೀನಿ."

ಆಮೇಲೆ ಕಟಕಟೆಗೆ ಒರಗಿ, ದನಿಯನ್ನು ಮತ್ತೆ ಓಣಿಗೆಲ್ಲ ಕೇಳುವ ಮಟ್ಟಕ್ಕೆ ತಂದರು. "ಆದ್ರ ನೀವು ಚಿಂತಿ ಮಾಡಬ್ಯಾಡ್ರಿ. ಪಾಸ್‌ವರ್ಡ್ ಹೇಳಬಾರದು ಅಂದಾರ, ಮಾರ್ಕ್ಸ್ ಹೇಳಬಾರದು ಅಂದಿಲ್ಲ. ಪರೀಕ್ಷಾ ಆದಾಗೊಮ್ಮೆ ನಾನೇ ನೋಡಿ ಇಲ್ಲಿಂದ ಕೂಗಿ ಹೇಳ್ತೀನಿ. ಅಂದಂಗ, ಜಿಲೇಬಿ ಹಿಮಾಯತ್‌ನಗರದ್ದೋ, ನಾಂಪಲ್ಲಿದೋ?"