ಮೂರನೆಯ ವನ್ಸ್ ಮೋರ್

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಎಡಗಾಲಿನ ಪಕ್ಕದ ಹಗ್ಗ ಒಂದು ಸುತ್ತು ಸಡಿಲಾಯಿತು. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಒಂಟಿಯಾಗಿರುವ ಮನುಷ್ಯ ಗಡಿಯಾರವನ್ನು ಬಹಳ ನೋಡುತ್ತಾನೆ. ಅವನನ್ನು ಯಾರೂ ಕಾಯುತ್ತಿರುವುದಿಲ್ಲ, ಅವನಿಗೆ ಎಲ್ಲಿಗೂ ತಡವಾಗುವುದಿಲ್ಲ. ಆದರೂ ನೋಡುತ್ತಾನೆ, ಭಾನುವಾರ ಇನ್ನೆಷ್ಟು ಉಳಿದಿದೆ ಎಂದು. ತುಮಕೂರು ಕಡೆಯಿಂದ ಅಥಣಿಗೆ ಕಾಲೇಜಿನ ಕನ್ನಡ ಮೇಷ್ಟ್ರಾಗಿ ಬಂದು ನನಗಾಗ ಒಂದೂವರೆ ವರ್ಷ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಷ್ಟು ದಿನಗಳಲ್ಲಿ ಊರಿನವರು ನನ್ನ ಬಗ್ಗೆ ಆಡಿದ ಅತ್ಯಂತ ಪ್ರೀತಿಯ ಮಾತೆಂದರೆ, "ಸರ, ನಿಮ್ಮ ಕನ್ನಡ ಥೇಟ್ ರೇಡಿಯೋದಾಗ ಬಂದಂಗ ಬರತೈತ್ರಿ" ಎಂಬುದು. ರೇಡಿಯೋವನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ.

ಹೀಗಾಗಿ ಆ ಭಾನುವಾರ, ಊರ ಹೊರಗೆ ತಗಡಿನ ಥೇಟರು ಹಾಕಿದ್ದ ನಾಟಕ ಕಂಪನಿಯ ಮಧ್ಯಾಹ್ನದ ಆಟಕ್ಕೆ ಹೋದೆ. ಗಡಿಯ ಎರಡೂ ಕಡೆ ಹೆಸರಾದ ಮರಾಠಿ ಸಂಗೀತ ನಾಟಕ ಅದು. ಕಂಪನಿಯವರು ಮಾತುಗಳನ್ನು ಕನ್ನಡಕ್ಕೆ ತಂದು, ಹಾಡುಗಳನ್ನು ಮಾತ್ರ ಎರಡೂ ಭಾಷೆಯಲ್ಲಿ ಸಿದ್ಧಮಾಡಿಕೊಂಡಿದ್ದರು. ಅದೇಕೆಂದು ಮೊದಲ ಹಾಡಿಗೇ ತಿಳಿಯಿತು. ನಾಯಕಿ ಮರಾಠಿಯಲ್ಲಿ ಹಾಡಿ ಮುಗಿಸುವುದೇ ತಡ, ಕನ್ನಡದ ಮಂದಿ "ವನ್ಸ್ ಮೋರ್" ಎಂದು ಕೂಗಿದರು. ಅವಳು ಅದೇ ಹಾಡನ್ನು ಕನ್ನಡದಲ್ಲಿ ಹಾಡಿದಳು. ಕೊನೆಯ ಸ್ವರ ಕನ್ನಡದ್ದಾಯಿತಲ್ಲ ಎಂದು ಮರಾಠಿಯವರು ಕೂಗಿದರು. ಮತ್ತೆ ಮರಾಠಿ. ಆಮೇಲೆ ಮತ್ತೆ ಕನ್ನಡದವರ ಸರದಿ. ಹಾರ್ಮೋನಿಯಂ ಮಾಸ್ತರರು ದಣಿದು ಕೈಮುಗಿದಾಗಲೇ ಹಾಡು ಮುಗಿದಂತೆ. ಜಗಳವೇನಲ್ಲ, ಅಣ್ಣತಮ್ಮಂದಿರ ಹಟ. ಆದರೆ ಪ್ರತಿ ವನ್ಸ್ ಮೋರಿಗೂ ಬಾಯಿಯ ಜೊತೆಗೆ ಕಾಲೂ ಕೂಗಬೇಕು. ಬಿದಿರು ನೆಟ್ಟು, ಹಲಗೆ ಹಾಸಿ, ಹಗ್ಗದಲ್ಲಿ ಬಿಗಿದ ಗ್ಯಾಲರಿಯ ಮೇಲೆ ಇನ್ನೂರು ಜನ ಒಟ್ಟಿಗೆ ಕಾಲು ಅಪ್ಪಳಿಸುತ್ತಿದ್ದರು.

ಕೂರಲು ಜಾಗ ಹುಡುಕುತ್ತಿದ್ದ ನನ್ನನ್ನು ಕೈಹಿಡಿದು ಪಕ್ಕಕ್ಕೆ ಎಳೆದುಕೊಂಡವರು ಶೇಡಬಾಳದ ಭೂಪಾಲ ಕಾಕಾ. ದ್ರಾಕ್ಷಿ ತೋಟದ ಹಿರಿಯರು, ಅಂದಿನವರೆಗೆ ಅಪರಿಚಿತರು. "ಬರ್ರಿ ಸರ, ಇಲ್ಲಿ ಕುಂದರ್ರಿ. ಒಬ್ಬಾಂವ ಕುಂತು ನೋಡಿದ್ರ ನಾಟಕ ಅರ್ಧಾನ ಕಾಣತೈತಿ" ಎಂದು ನನ್ನ ಅಂಗೈಗೆ ಹುರಿದ ಶೇಂಗಾ ಸುರಿದರು. ನಾಯಕಿ ಅತ್ತರೆ ಅವರೂ ಅತ್ತರು, ನನ್ನ ತೊಡೆ ತಟ್ಟಿ "ನೋಡ್ರಿ, ನೋಡ್ರಿ" ಎಂದರು. ಒಂದೂವರೆ ವರ್ಷದಲ್ಲಿ ಯಾರೂ ನನ್ನ ತೊಡೆ ತಟ್ಟಿರಲಿಲ್ಲ.

ಎರಡನೆಯ ಅಂಕದ ವಿರಹದ ಹಾಡಿಗೆ ಮೊದಲ ವನ್ಸ್ ಮೋರ್ ಬಿತ್ತು. ನಾಲ್ಕು ಸುತ್ತಿನ ಹಗ್ಗ ಮೂರಾಯಿತು. ಆಗಲೇ ಗಡಿಯಾರ ನೋಡಿದ್ದು. ಎರಡನೆಯದಕ್ಕೆ ಇನ್ನೆರಡು ಸುತ್ತು ಜಾರಿ ಒಂದೇ ಉಳಿಯಿತು. ಲೆಕ್ಕದಲ್ಲಿ ನಾನು ದಡ್ಡ; ಆದರೆ ಇಷ್ಟು ಲೆಕ್ಕ ಕನ್ನಡ ಎಂ.ಎ. ಆದವರಿಗೂ ಬರುತ್ತದೆ. ಎದ್ದು ನಿಂತು ಕೂಗಬೇಕಿತ್ತು. ಹಾಡಿನ ನಡುವೆ ಹೇಗೆ ಏಳುವುದು, ಇನ್ನೂರು ಜನ ತಿರುಗಿ ನೋಡುತ್ತಾರಲ್ಲ, ಹಾಡು ಮುಗಿಯಲಿ, ಸಾವಕಾಶವಾಗಿ ಹೇಳೋಣ ಎಂದುಕೊಂಡೆ. ಹಾಡು ಮರಾಠಿಯಲ್ಲಿ ಮುಗಿಯಿತು. ಕನ್ನಡದ ಸರದಿ ಬಂತು. ಕಾಕಾ ನನ್ನ ಭುಜ ಹಿಡಿದು, "ಒದರ್ರಿ ಸರ!" ಎಂದರು. ಒದರಿದೆ. ಹೊಟ್ಟೆಯಾಳದಿಂದ, ನುಡಿಯ ಮಾನ ಕಾಯಲು, ಶುದ್ಧ ಇಂಗ್ಲಿಷಿನಲ್ಲಿ "ವನ್ಸ್ ಮೋರ್" ಎಂದು ಒದರಿ, ಎಡಗಾಲನ್ನು ಹಲಗೆಯ ಮೇಲೆ ಅಪ್ಪಳಿಸಿದೆ. ಆ ಊರಿನಲ್ಲಿ ನನ್ನ ದನಿ ಇನ್ನೊಬ್ಬರ ದನಿಯೊಳಗೆ ಬೆರೆತದ್ದು ಅದೇ ಮೊದಲು. ಎಷ್ಟು ಸುಖವಾಗಿತ್ತೆಂದು ಹೇಳಲು ಈಗಲೂ ನಾಚಿಕೆ.

ಕನ್ನಡದ ಹಾಡು ಅರ್ಧಕ್ಕೆ ಬಂದಾಗ ಗ್ಯಾಲರಿ ಮುಂದಕ್ಕೆ ಬಾಗಿ, ನಾಯಕಿಗೆ ನಮಸ್ಕಾರ ಮಾಡಿದಂತೆ, ಕುಸಿಯಿತು. ಆಳೆತ್ತರದಿಂದ ಜನರ ಮೇಲೆ ಜನ ಬಿದ್ದೆವು. ಒಂದು ಕ್ಷಣ ಯಾವ ಸದ್ದೂ ಇರಲಿಲ್ಲ. ಆ ಕ್ಷಣ ನನ್ನೊಳಗೆ ಇನ್ನೂ ಮುಗಿದಿಲ್ಲ. ಆಮೇಲೆ ಹಲಗೆಗಳ ಅಡಿಯಿಂದ ಯಾರೋ ಕೂಗಿದರು: "ಬಾಯಾರ, ಹಾಡ ನಿಲ್ಲಸಬ್ಯಾಡ್ರಿ! ನಾವೆಲ್ಲಾ ಇಲ್ಲೇ ಅದೀವಿ!" ಅವಳು ಅಳುತ್ತಲೇ ಹಾಡಿ ಮುಗಿಸಿದಳು. ಮುರಿದ ಬಿದಿರುಗಳ ನಡುವೆ ಕೂತು ಜನ ಚಪ್ಪಾಳೆ ತಟ್ಟಿದರು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ನನಗೆ ಗೀರು ಕೂಡ ಬೀಳಲಿಲ್ಲ, ಏಕೆಂದರೆ ನಾನು ಬಿದ್ದದ್ದು ಕಾಕಾನ ಮೇಲೆ. ಅವರ ಬಲಗೈ ಮಣಿಕಟ್ಟು ಮುರಿದಿತ್ತು. ದ್ರಾಕ್ಷಿ ಬಳ್ಳಿ ಸವರುವ ಚಾಟಣಿಗೆ ಹದಿನೈದು ದಿನವೂ ಉಳಿದಿರಲಿಲ್ಲ.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಹತ್ತುತ್ತಿದ್ದಂತೆ ಮಂಚ ಮುಂದಕ್ಕೆ ಬಾಗುತ್ತಿತ್ತು. ಎದ್ದು ಕೂತು ಮಂಚದ ನಾಲ್ಕು ಕಾಲನ್ನೂ ಅಲ್ಲಾಡಿಸಿ ನೋಡುತ್ತಿದ್ದೆ. ಆಮೇಲೆ ಹಾಸಿಗೆಯನ್ನು ನೆಲಕ್ಕೇ ಹಾಸಿದೆ. ನೆಲವೂ ಬಾಗತೊಡಗಿತು. ಕಾಲೇಜಿನಲ್ಲಿ ಆ ಘಟನೆ ಆಗಲೇ ನಗೆಯ ಕತೆಯಾಗಿತ್ತು. ಇಂಗ್ಲಿಷ್ ವಿಭಾಗದ ಪಾಟೀಲರು, "ನಮ್ಮ ಸರ ಬಿದ್ದರೂ ಗ್ರಾಂಥಿಕವಾಗಿ ಬಿದ್ದಾರ್ರೀ" ಎಂದರು. ನಾನೂ ನಕ್ಕೆ. ಹಗ್ಗದ ವಿಷಯ ತೆಗೆಯಲು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಅವ್ವನಿಗೆ ಬರೆದ ಕಾಗದದಲ್ಲಿ, 'ನಾಟಕ ನೋಡಿದೆ, ಚೆನ್ನಾಗಿತ್ತು' ಎಂದಷ್ಟೇ ಇತ್ತು.

ಹನ್ನೆರಡನೆಯ ದಿನ ಬಸ್ಸು ಹತ್ತಿ ಶೇಡಬಾಳಕ್ಕೆ ಹೋದೆ. ಕಾಕಾ ಕಟ್ಟೆಯ ಮೇಲೆ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಕೂಸಿನಂತೆ ಮಲಗಿಸಿಕೊಂಡು ಕೂತಿದ್ದರು. "ಓಹೋ, ಬರ್ರಿ ಸರ! ನನ್ನ ಮ್ಯಾಲ ಬಿದ್ದವರು ಬಂದ್ರು ನೋಡ!" ಎಂದು ಒಳಗಿದ್ದ ಹೆಂಡತಿಯನ್ನು ಕರೆದರು. ನಾನು ಚಹಾ ಮುಟ್ಟುವ ಮೊದಲೇ ಎಲ್ಲ ಹೇಳಿಬಿಟ್ಟೆ: ಹಗ್ಗ ಬಿಚ್ಚಿಕೊಂಡದ್ದು, ನಾನದನ್ನು ನೋಡಿದ್ದು, ಸುಮ್ಮನಿದ್ದದ್ದು, ಸುಮ್ಮನಿರುವುದೂ ಸಾಲದೆಂದು ಕಾಲು ಅಪ್ಪಳಿಸಿದ್ದು.

ಕಾಕಾ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಸರಿಮಾಡಿಕೊಂಡರು. ಆಮೇಲೆ ದನಿ ತಗ್ಗಿಸಿ, "ನಾನೂ ನೋಡಿದ್ನಿರಿ" ಎಂದರು.

"ಹಗ್ಗವನ್ನೇ?"

"ಹ್ಞೂಂ ಮತ್ತ. ನಿಮ್ಮ ಕಾಲ ಬುಡಕ ಇತ್ತಲ್ಲ. ಹಾಡ ಮುಗೀಲಿ, ಹೇಳೂಣು ಅಂತ ಕುಂತಿದ್ನಿ. ನಡೂಕ ಎದ್ರ ಪಾಪ ಆ ಹಾಡೂ ಬಾಯಾರಿಗೆ ಬ್ಯಾಸರ ಆಗೂದಿಲ್ಲೇನ್ರಿ?"

"ಆದರೆ ನನಗೆ ಒದರಿ ಎಂದಿರಲ್ಲ!"

"ನೀವು ಕನ್ನಡಕ್ಕ ಅಷ್ಟ ಒದರೀರಿ ಸರ. ನಾ ಮರಾಠಿಗೂ ಒದರೀನಿ. ಎರಡೂ ಕಡೆ ಬೀಗರದಾರ, ಏನ ಮಾಡ್ಲಿ?"

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, ಕಾಕು, ಇಬ್ಬರನ್ನೂ ಒಂದೇ ನೋಟದಲ್ಲಿ ಅಳೆದರು. "ಛಲೋ ಆತು. ಒಬ್ಬರಿಗೆ ಕೈ ಇಲ್ಲ, ಇಬ್ಬರಿಗೂ ಬುದ್ಧಿ ಇಲ್ಲ. ಸರ, ಬರೂ ಐತವಾರ ಚಾಟಣಿ ಐತಿ, ಮನಿಯಾಗ ಒಂದ ಕೈ ಕಡಿಮಿ ಬಿದ್ದೈತಿ. ಬಂದಬಿಡ್ರಿ."

ಹೋದೆ. ಕಾಕಾ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಯಾರೋ ನನ್ನ ಕೈಗೆ ಕತ್ತರಿ ಕೊಟ್ಟರು. ಮೊದಲ ಬಳ್ಳಿಗೆ ಬಾಗಿದೆನೋ ಇಲ್ಲವೋ, ಬದುವಿನಿಂದ ತೋಟವೇ ನಡುಗುವಂತೆ ಕೂಗು ಬಂತು: "ಏ ಸರ! ನಿಲ್ರಿ! ಆ ಕಣ್ಣ ಕತ್ತರಸಬ್ಯಾಡ್ರಿ!" ಕತ್ತರಿ ಹಿಡಿದು ಹಾಗೆಯೇ ನಿಂತೆ. ಬಳ್ಳಿಯಲ್ಲಿ ಚಿಗುರೊಡೆಯುವ ಒಂದು ಕಣ್ಣಿಗೋಸ್ಕರ ಇವರು ಅರೆಕ್ಷಣವೂ ತಡಮಾಡಲಿಲ್ಲ. ಇನ್ನೂರು ಜನರಿಗಾಗಿ ಕೂಗಲು ಮಾತ್ರ ನಮಗೆ ಹಾಡು ಮುಗಿಯಬೇಕಿತ್ತು. ಕಾಕಾನಿಗೂ ಅದೇ ಹೊಳೆದಿರಬೇಕು. ಕೂಗಿದ ಬಾಯಿ ಮುಚ್ಚದೆ ನನ್ನನ್ನೇ ನೋಡಿ, ಮೆಲ್ಲಗೆ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಕತ್ತರಿ ಕಸಿದುಕೊಂಡ ಕಾಕು, ಕತ್ತರಿಸಿದ ಕಡ್ಡಿ ಹೊರುವ ಕೆಲಸಕ್ಕೆ ನನ್ನನ್ನು ಹಚ್ಚಿದರು.

ಕತ್ತಲಾಗುವವರೆಗೆ ಹೊತ್ತೆ. ರೊಟ್ಟಿ ತಿಂದೆ, ಕೊನೆಯ ಬಸ್ಸಿಗೆ ಅಥಣಿಗೆ ಬಂದೆ. ಆ ಭಾನುವಾರ, ಎರಡು ವಾರಗಳಲ್ಲಿ ಮೊದಲ ಬಾರಿಗೆ, ಬೆಳಗಿನವರೆಗೆ ಒಂದೇ ನಿದ್ದೆ ಮಾಡಿದೆ. ಮನಸ್ಸು ಹಗುರಾದದ್ದರಿಂದ ನಿದ್ದೆ ಬಂತೆಂದು ಬರೆಯಲು ಕೈ ತುಡಿಯುತ್ತಿದೆ. ನಿಜ ಹೇಳಬೇಕೆಂದರೆ, ಸೊಂಟ ಬಿದ್ದುಹೋಗಿತ್ತು.